ಕನ್ನಡಿ ಬಿಸಿಲಿನಲ್ಲಿ ಎದ್ದ ಎತ್ತು

ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿ ಔಷಧದ ಅಂಗಡಿಗೂ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೂ ನಡುವೆ ಒಂದು ಸಣ್ಣ ಫೋಟೊ ಸ್ಟುಡಿಯೋ ಇದೆ. ಬಾಗಿಲು ಎಷ್ಟು ಅಗಲವೋ ಅಂಗಡಿಯ ಮುಂಭಾಗವೂ ಅಷ್ಟೇ ಅಗಲ. ಅದರ ಒಡತಿ ಕಾತ್ಯಾಯಿನಿ. ನೈರೋಬಿಯ ಕನ್ನಡದವರ ಮನೆಯಲ್ಲಿ ಮಗು ಹುಟ್ಟಿದರೆ ನಾಮಕರಣಕ್ಕೆ ಪುರೋಹಿತರನ್ನು ಹುಡುಕುವ ಮೊದಲೇ ಪಾಸ್‌ಪೋರ್ಟ್ ಫೋಟೊ ತೆಗೆಸಲು ಇವಳ ಹತ್ತಿರ ಬರುತ್ತಾರೆ. ಗುಜರಾತಿಗಳು ಬರುತ್ತಾರೆ, ಸೋಮಾಲಿ ತಾಯಂದಿರು ಬರುತ್ತಾರೆ, ಕಿಕುಯು ಅಜ್ಜಿಯರು ಮೊಮ್ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಾರೆ.

ಎಳೆಗೂಸಿನ ಪಾಸ್‌ಪೋರ್ಟ್ ಫೋಟೊ ಎಂದರೆ ಕಾದ ಹಾಲಿನ ಕೆನೆಯನ್ನು ಮುರಿಯದಂತೆ ಎತ್ತುವ ಕೆಲಸ. ಕಣ್ಣು ಬಿಟ್ಟಿರಬೇಕು, ಬಾಯಿ ಮುಚ್ಚಿರಬೇಕು, ಮುಖ ನೆಟ್ಟಗಿರಬೇಕು, ಹಿಡಿದವರ ಕೈ ಕಾಣಿಸಬಾರದು. ಬೇರೆ ಕಡೆಯಲ್ಲಾದರೆ ಗಿಲಕಿ ಆಡಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಬೆಕ್ಕಿನ ಹಾಗೆ ಕೂಗುತ್ತಾರೆ. ಮಗು ಬೆದರಿ ಅತ್ತು ಕೆಂಪಗಾಗುತ್ತದೆ. ಕಾತ್ಯಾಯಿನಿ ಇದ್ಯಾವುದನ್ನೂ ಮಾಡುವವಳಲ್ಲ. ಮಗುವನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ದೀಪ ಸರಿಪಡಿಸಿ, ಕ್ಯಾಮೆರಾ ಹಿಡಿದು ಸುಮ್ಮನೆ ಕೂರುತ್ತಾಳೆ. ತಾಯಿ ಚಡಪಡಿಸಿದರೆ, "ಸುಮ್ನಿರಮ್ಮ, ಅದು ತಾನೇ ನೋಡುತ್ತೆ" ಎನ್ನುತ್ತಾಳೆ. ಮಗು ಸೂರು ನೋಡುತ್ತದೆ, ಗೋಡೆ ನೋಡುತ್ತದೆ, ತನ್ನ ಕೈಯನ್ನೇ ನೋಡುತ್ತದೆ. ಕೊನೆಗೆ, ಇದ್ಯಾರು ಇಷ್ಟು ಹೊತ್ತು ಸದ್ದಿಲ್ಲದೆ ಕೂತಿರುವವರು ಎಂದು ಅವಳ ಕಡೆಗೇ ತಿರುಗುತ್ತದೆ. ಆಗ ಒಂದೇ ಒಂದು ಸಲ ಕ್ಲಿಕ್.

ಈ ಕೆಲಸ ಅವಳಿಗೆ ಸಿಕ್ಕಿದ್ದೂ ಒಂದು ಅಳುವ ಕೂಸಿನ ದೆಸೆಯಿಂದಲೇ. ಚಾಮರಾಜನಗರದಿಂದ ಮದುವೆಯಾಗಿ ಬಂದ ಹೊಸತು. ಗಂಡ ವಿಶ್ವನಾಥ ನಗರದ ಎಂಬಕಸಿ ಬಡಾವಣೆಯ ಔಷಧ ಕಾರ್ಖಾನೆಯಲ್ಲಿ ಮಾತ್ರೆ ಒತ್ತುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಮನೆ ಲಂಗಾಟಾದಲ್ಲಿ. ಪರ್ಮಿಟ್ಟಿನ ಫೋಟೊ ತೆಗೆಸಲು ಇಬ್ಬರೂ ಈ ಸ್ಟುಡಿಯೋಗೆ ಬಂದಾಗ, ಮುದುಕ ಗುಜರಾತಿ ಮಾಲೀಕ ಒಂದು ಮಗುವಿನ ಜೊತೆ ಯುದ್ಧ ಮಾಡುತ್ತಿದ್ದ. ಕಾತ್ಯಾಯಿನಿ ಮಗುವನ್ನು ಎತ್ತಿಕೊಂಡು ಸುಮ್ಮನೆ ಕೂತಳು. ಮಗು ಅಳು ನಿಲ್ಲಿಸಿ ಅವಳ ಮೂಗುಬೊಟ್ಟನ್ನೇ ದಿಟ್ಟಿಸಿತು. ಮುದುಕ ಫೋಟೊ ತೆಗೆದು, "ಬೇನ್, ತಂಗೀ, ನಾಳೆಯಿಂದ ಬಂದುಬಿಡು" ಎಂದ. ತಮಾಷೆಗೆ ಹೇಳಿದನೋ ನಿಜಕ್ಕೋ ಎಂದು ವಿಶ್ವನಾಥ ಇನ್ನೂ ಯೋಚಿಸುತ್ತಿರುವಾಗಲೇ ಮರುದಿನ ಅವಳು ಡಬ್ಬಿ ಕಟ್ಟಿಕೊಂಡು ಹೊರಟಿದ್ದಳು.

ಮುದುಕ ಕೊನೆಗೆ ಲಂಡನ್ನಿನ ಮಗಳ ಮನೆಗೆ ಹೋಗುವಾಗ ಅಂಗಡಿಯನ್ನು ಇವಳಿಗೇ ವಹಿಸಿದ. ಗಿರಾಕಿಗಳು ತಲೆ ಬಾಚಿಕೊಳ್ಳಲೆಂದು ಅಲ್ಲೊಂದು ಆಳೆತ್ತರದ ತೇಗದ ಕಟ್ಟಿನ ಕನ್ನಡಿ ಇತ್ತು. "ಕ್ಯಾಮೆರಾ ಬೇಕಾದರೆ ಬದಲಾಯಿಸು, ಇದನ್ನು ಮಾರಬೇಡ. ಇಂಥ ಗಾಜು ಈಗ ಬರೋದಿಲ್ಲ" ಎಂದು ಹೇಳಿಹೋದ. ಕ್ಯಾಮೆರಾಗಳು ಬದಲಾದವು. ಕನ್ನಡಿ ಇದ್ದಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಅದನ್ನು ಒರೆಸಿಯೇ ಅವಳು ಬೇರೆ ಕೆಲಸ ಮುಟ್ಟುವುದು.

ಅವಳದು ಇನ್ನೂ ಒಂದು ಕಟ್ಟುನಿಟ್ಟು. ಮುಖದಲ್ಲಿ ಇರುವುದನ್ನು ಅವಳು ಅಳಿಸುವುದಿಲ್ಲ. ಒಮ್ಮೆ ಒಬ್ಬ ಹುಡುಗಿ, ಮದುವೆಗೆ ಗಂಡಿನ ಮನೆಗೆ ಕಳಿಸುವ ಫೋಟೊ, ಗಲ್ಲದ ಮಚ್ಚೆ ತೆಗೆದುಬಿಡಿ ಆಂಟಿ ಎಂದು ಕೇಳಿಕೊಂಡಳು. ಕಾತ್ಯಾಯಿನಿ ಹೇಳಿದ್ದು ಇಷ್ಟೇ: "ತೆಗೀಬಹುದು ಕಣಮ್ಮ. ಆಮೇಲೆ ನೀನು ಹೋಗಿ ಎದುರು ನಿಂತಾಗ, ಇದು ನೀನೇ ಅಂತ ಅವರು ನಂಬೋದು ಹೇಗೆ?" ಹುಡುಗಿ ಮುನಿಸಿಕೊಂಡು ಹೋಗಿ, ಮದುವೆಯಾದ ಮೇಲೆ ಮಗುವನ್ನು ಎತ್ತಿಕೊಂಡು ಮತ್ತೆ ಇವಳಲ್ಲಿಗೇ ಬಂದಳು.

ಇಂಥ ಕಾತ್ಯಾಯಿನಿಯ ಅಂಗಡಿಗೆ ಆ ಜುಲೈ ತಿಂಗಳಲ್ಲಿ ಮುಟುವಾ ಎಂಬ ಹಿರಿಯರು ಬಂದರು. ನೈರೋಬಿಯ ಜುಲೈ ಎಂದರೆ ಸೂರ್ಯ ಕಂಬಳಿ ಹೊದ್ದು ಮಲಗುವ ಕಾಲ. ಮಧ್ಯಾಹ್ನವಾದರೂ ಮೋಡ ಬಿಡುವುದಿಲ್ಲ. ಹಳೆಯ ಕೋಟಿನ ಮೇಲೆ ಇನ್ನೊಂದು ಕೋಟು ಹಾಕಿಕೊಂಡಿದ್ದ ಅವರು ಯಾವುದೋ ಗುರುತಿನ ಚೀಟಿಗೆಂದು ಫೋಟೊ ತೆಗೆಸಿಕೊಂಡರು. ತೆಗೆಸಿದ ಮೇಲೂ ಸ್ಟೂಲು ಬಿಟ್ಟು ಏಳಲಿಲ್ಲ.

"ಮಾಮಾ, ನೀವು ಮನುಷ್ಯರ ಮುಖ ಮಾತ್ರ ತೆಗೀತೀರೋ, ಕಲ್ಲಿನ ಮುಖಾನೂ ತೆಗೀತೀರೋ?" ಎಂದು ಸ್ವಾಹಿಲಿಯಲ್ಲಿ ಕೇಳಿದರು.

ಅಲ್ಲಿ ಹೆಂಗಸರನ್ನು ಮಾಮಾ, ಅಂದರೆ ಅಮ್ಮ, ಎನ್ನುತ್ತಾರೆ; ಹಿರಿಯ ಗಂಡಸರನ್ನು ಮ್ಜೇ ಎನ್ನುತ್ತಾರೆ. "ಯಾಕೆ ತೆಗೀಬಾರದು ಮ್ಜೇ? ಕಲ್ಲು ಅಳೋದಿಲ್ಲ, ಮೈ ಒದರೋದಿಲ್ಲ" ಎಂದಳು ಕಾತ್ಯಾಯಿನಿ.

"ಕಣ್ಣೂ ಬಿಡೋದಿಲ್ಲ. ಅದೇ ತೊಂದರೆ."

ಅವರು ಹೇಳಿದ ವಿಷಯ ಹೀಗೆ. ಅಥಿ ನದಿ ದಾಟಿ ಮಚಾಕೋಸ್ ಕಡೆಗೆ ಹೋಗುವಾಗ ಅವರ ಊರು. ಊರಾಚೆ ಬಯಲಿನಲ್ಲಿ ಒಂಟಿ ಬಂಡೆಯೊಂದಿದೆ. ಇಲ್ಲಿಗೆ ರೈಲು ಬರುವ ಮೊದಲು ಎತ್ತಿನ ಗಾಡಿಗಳು ಸಾಮಾನು ಹೇರಿಕೊಂಡು ಆ ಬಯಲಿನ ಮೇಲೇ ಒಳನಾಡಿಗೆ ಹೋಗುತ್ತಿದ್ದವು. ದೂರದಿಂದ ಬಂಡೆ ಕಂಡರೆ, ಇನ್ನು ನೀರು ಸಿಕ್ಕಿತು ಎಂದು ಗಾಡಿಯವರಿಗೆ ಧೈರ್ಯ. ಅದರ ಬುಡದಲ್ಲಿ ನೊಗ ಬಿಚ್ಚಿ, ಎತ್ತುಗಳಿಗೆ ನೀರು ಕುಡಿಸಿ, ರಾತ್ರಿ ತಂಗುತ್ತಿದ್ದರು. ಮುಟುವಾ ಅವರ ಅಜ್ಜ ಹುಡುಗನಾಗಿದ್ದಾಗ ಎತ್ತುಗಳ ಮುಂದೆ ಹಗ್ಗ ಹಿಡಿದು ನಡೆದವರು. ಹಾಗೆ ತಂಗಿದ ಯಾವನೋ ಗಾಡಿಯವನು ಬಂಡೆಯ ಮೈಮೇಲೆ ಒಂದು ಎತ್ತನ್ನೂ ಒಂದು ಗಾಲಿಯನ್ನೂ ಕೊರೆದಿದ್ದಾನೆ. ಬಂಡೆಗೆ ಎತ್ತಿನ ಕಲ್ಲು ಎಂದೇ ಹೆಸರು.

"ನಾನು ಚಿಕ್ಕವನಿದ್ದಾಗ ಕ್ರಿಸ್‌ಮಸ್ ಹೊತ್ತಿಗೆ ಅಜ್ಜ ಬೆಳಿಗ್ಗೆ ಬೆಳಿಗ್ಗೆನೇ ಕರ್ಕೊಂಡು ಹೋಗಿ ತೋರಿಸ್ತಿದ್ದರು. ಕಣ್ಣಾರೆ ನೋಡಿದೀನಿ. ಈಗ ನನ್ನ ಕಣ್ಣೂ ಮಂದ, ಕಲ್ಲೂ ಮಂದ."

ಬಂಡೆ ಇರುವ ಇಳಿಜಾರಿನ ಕಲ್ಲನ್ನೆಲ್ಲ ಒಡೆದು ಮಾರಲು ಕ್ವಾರಿಯವರು ಊರಿನ ಜಮೀನು ಸಮಿತಿಯನ್ನು ಕೇಳಿದ್ದಾರೆ. ಕ್ವಾರಿ ಬಂದರೆ ಊರಿಗೆ ಕೆಲಸ ಬರುತ್ತದೆ ಎಂದು ಅನೇಕರಿಗೆ ಆಸೆ. ಮುಟುವಾ ಬೇಡವೆಂದದ್ದು ಆ ಒಂದು ಬಂಡೆಯನ್ನು ಮಾತ್ರ. ಸಮಿತಿಯವರು ಬಂದು ನೋಡಿದರು. ಯಾರಿಗೂ ಏನೂ ಕಾಣಲಿಲ್ಲ. ಸಮಿತಿಯ ಅಧ್ಯಕ್ಷೆ ನ್ಯಾಯವಂತೆ. "ಮ್ಜೇ, ಕಾಣದ ಎತ್ತನ್ನು ನಾನು ಹೇಗೆ ಕಟ್ಟಿಹಾಕಲಿ? ಒಂದು ಫೋಟೊ ತನ್ನಿ, ಎತ್ತು ಕಾಣಬೇಕು. ಮುಂದಿನ ವಾರದ ಶನಿವಾರ ಸಭೆ, ಅಲ್ಲಿವರೆಗೆ ಸಹಿ ಹಾಕೋದಿಲ್ಲ" ಎಂದಿದ್ದಳು.

ಮುಟುವಾ ತಮ್ಮ ಮೊಬೈಲ್ ತೆಗೆದು ತೋರಿಸಿದರು. ತೊಳೆದು ಮಗುಚಿಟ್ಟ ಬಾಣಲೆಯ ಹಾಗೆ ಬೋಳು ಬೂದು ಕಲ್ಲು. ಕಾತ್ಯಾಯಿನಿ ಅದನ್ನು ಬಹಳ ಹೊತ್ತು ನೋಡಿದಳು.

"ಭಾನುವಾರ ಬರ್ತೀನಿ ಮ್ಜೇ."

ಭಾನುವಾರ ಅವಳು ವಿಶ್ವನಾಥನ ಜೊತೆ ಹೊರಡುವ ಹೊತ್ತಿಗೆ ಲೀಲಾ ಕಾರಿನ ಬಳಿ ನಿಂತಿದ್ದಳು. ಲೀಲಾ ಗದಗಿನವಳು, ಪಕ್ಕದ ಫ್ಲಾಟು, ಕಾತ್ಯಾಯಿನಿಗಿಂತ ನಾಲ್ಕಾರು ವರ್ಷ ಚಿಕ್ಕವಳು. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಆ ದಿನ ಮಣ್ಣಿನಲ್ಲಿ ಜೋಡಿ ಎತ್ತು ಮಾಡಿ ಪೂಜಿಸಿ ಕಡುಬಿನ ಎಡೆ ಇಡುವುದು ಅವಳ ಕಡೆಯ ಪದ್ಧತಿ. ನೈರೋಬಿಗೆ ಬಂದ ಮೇಲೂ ಅದನ್ನು ಬಿಟ್ಟವಳಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಎತ್ತುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದಿದ್ದಳು.

"ಅಕ್ಕಾರ, ನನ್ನೂ ಕರಕೊಂಡು ಹೋಗ್ರಿ. ದಾರ್ಯಾಗ ಹೊಳಿ ಬರ್ತೈತಲ್ಲ, ಇವನ್ನ ಅದ್ರಾಗ ಬಿಡ್ತೀನಿ. ಹೋದ ವರ್ಷ ಬಕೀಟಿನ್ಯಾಗ ಬಿಟ್ಟು ಮನಸಿಗೆ ಸಮಾಧಾನ ಇಲ್ಲದಂಗ ಆಗೇತಿ."

"ಬಾ. ಬುಟ್ಟೀಲಿ ಇನ್ನೇನಿದೆ, ಅಷ್ಟು ಭಾರ?"

"ಕಡುಬು, ದೀಪದ ಎಣ್ಣಿ, ಅರಿಷಿಣ ಕುಂಕುಮ. ಸರ ಹಸಿವಿ ತಡ್ಯಾಂಗಿಲ್ಲ ಅಂತ ಕಡುಬು ಜಾಸ್ತಿ ಮಾಡೇನಿ."

"ಲೀಲಾ ಅವರೇ, ನಿಮ್ಮಂಥವರು ಇರೋದರಿಂದಲೇ ದೇಶ ನಡೀತಿರೋದು" ಎಂದು ವಿಶ್ವನಾಥ ಕಾರು ತಿರುಗಿಸಿದ.

ಎತ್ತುಗಳನ್ನು ಹೊಳೆಗೆ ಬಿಟ್ಟು ಊರು ಮುಟ್ಟಿದಾಗ ಮುಟುವಾ ದಾರಿಯಲ್ಲೇ ಕಾದಿದ್ದರು. ಬಂಡೆ ಎರಡಾಳೆತ್ತರ. ಕೊರೆದ ಮೈ ದಕ್ಷಿಣಕ್ಕೆ ತಿರುಗಿದೆ. ಹತ್ತಿರ ನಿಂತರೂ ಏನೂ ಇಲ್ಲ. ಕಾತ್ಯಾಯಿನಿ ಸ್ಟ್ಯಾಂಡು ನಿಲ್ಲಿಸಿ ನೋಡಿದಳು. ಫ್ಲ್ಯಾಷ್ ಹಾಕಿ ನೋಡಿದಳು, ಕಲ್ಲು ಇನ್ನಷ್ಟು ಚಪ್ಪಟೆಯಾಯಿತು. ಫ್ಲ್ಯಾಷನ್ನು ಕೈಲಿ ಹಿಡಿದು ಒಂದು ಪಕ್ಕದಿಂದ ಹಾಯಿಸಿದಳು. ಹತ್ತಿರದ ಕಡೆ ಸುಟ್ಟ ಹಾಗೆ ಬೆಳ್ಳಗೆ, ಆಚೆ ಕಡೆ ಕಪ್ಪು, ನಡುವೆ ಒಂದು ಗೆರೆ ಇದ್ದ ಹಾಗೆಯೂ ಇಲ್ಲದ ಹಾಗೆಯೂ. ಅವಳು ಕ್ಯಾಮೆರಾ ಬಿಟ್ಟು ಬಂಡೆಯ ಹಿಂದಕ್ಕೆ ಹೋಗಿ ಆಕಾಶ ನೋಡಿದಳು. ಮೋಡದ ಹಿಂದಿನ ಸೂರ್ಯ ಉತ್ತರಕ್ಕೆ ವಾಲಿದ್ದ. ಆಗ ಅವಳಿಗೆ ಹೊಳೆಯಿತು. ಈ ತಿಂಗಳುಗಳಲ್ಲಿ ಸೂರ್ಯ ಬಂಡೆಯ ಬೆನ್ನಿಗೇ ಹೋಗುತ್ತಾನೆ, ಮುಖಕ್ಕೆ ಬರುವುದೇ ಇಲ್ಲ. ಕ್ರಿಸ್‌ಮಸ್ ಹೊತ್ತಿಗೆ ದಕ್ಷಿಣಕ್ಕೆ ಹೋದವನು ಬೆಳಿಗ್ಗೆ ಓರೆಯಾಗಿ ಮುಖವನ್ನು ಸವರಿಕೊಂಡು ಹೋಗುತ್ತಾನೆ. ಮುಟುವಾ ಅವರ ಅಜ್ಜನಿಗೆ ಅದು ಗೊತ್ತಿತ್ತು. ಆದರೆ ಸಭೆ ಕ್ರಿಸ್‌ಮಸ್‌ವರೆಗೆ ಕಾಯುವುದಿಲ್ಲ.

ಇದನ್ನು ಗಂಡನಿಗೂ ಮುಟುವಾ ಅವರಿಗೂ ಅವಳು ಬಂಡೆಯ ಹಿಂದೆಯೇ ವಿವರಿಸುತ್ತಿರುವಾಗ ಮುಂದಿನಿಂದ ಲೀಲಾಳ ಕೂಗು ಕೇಳಿತು.

"ಅಕ್ಕಾರ, ಓಡಿ ಬರ್ರಿ! ಬಸವಣ್ಣ ಸಿಕ್ಕಾನ!"

ಬಂದು ನೋಡಿದರೆ ಲೀಲಾ ಕೈ ಮುಗಿದು ನಿಂತಿದ್ದಾಳೆ. ಬರಿಗಣ್ಣಿಗೆ ಕಾಣದ್ದು ಅವಳ ಅಂಗೈಗೆ ಸಿಕ್ಕಿತ್ತು. ಬಂಡೆಯನ್ನು ಸವರುತ್ತಾ ಹೋದವಳಿಗೆ ಮೊದಲು ಕೊಂಬು, ಆಮೇಲೆ ಹಣೆ ಹತ್ತಿದೆ. ಅಮಾವಾಸ್ಯೆಯ ದಿನ ಎತ್ತು ತಾನಾಗಿ ಕೈಗೆ ಸಿಕ್ಕಿದರೆ ಬರಿಗೈಯಲ್ಲಿ ಬಿಡುವುದುಂಟೇ? ಹಣೆಗೆ ದೀಪದ ಎಣ್ಣೆ ಎರೆದು, ಮೇಲೆ ಹೆಬ್ಬೆರಳಿನಷ್ಟು ಕುಂಕುಮ ಒತ್ತಿದ್ದಳು. ಎಣ್ಣೆ ಕಲ್ಲಿನ ಮೇಲೆ ಕಪ್ಪಗೆ ಇಳಿಯುತ್ತಿತ್ತು.

ಮುಟುವಾ ಟೋಪಿ ತೆಗೆದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು.

"ಮಾಮಾ, ಇನ್ನು ಅವರೇನು ಹೇಳ್ತಾರೆ ಗೊತ್ತೇ? ಇಲ್ಲೇನೂ ಇರಲಿಲ್ಲ, ಮುದುಕ ಇಂಡಿಯಾದವರನ್ನು ಕರ್ಕೊಂಡು ಬಂದು ಬಣ್ಣ ಬರೆಸಿದ ಅಂತಾರೆ."

ಕಾತ್ಯಾಯಿನಿ ಅದನ್ನು ಕನ್ನಡದಲ್ಲಿ ಹೇಳಿದಾಗ ಲೀಲಾಳ ಮುಖ ಬಾಡಿಹೋಯಿತು. "ಅಯ್ಯ ಶಿವನ, ಎಂಥಾ ಹುಚ್ಚು ಕೆಲಸ ಮಾಡಿದ್ನಿ" ಎಂದು ಸೆರಗು ನೀರಿನಲ್ಲಿ ಅದ್ದಿ ಉಜ್ಜಲು ಹೋದಳು. ಕಾತ್ಯಾಯಿನಿ ಅವಳ ಮಣಿಕಟ್ಟು ಹಿಡಿದಳು.

"ಉಜ್ಜಬೇಡ ಲೀಲಾ. ಗೀಟು ಉಳಿದಿರೋದೇ ಕೂದಲೆಳೆಯಷ್ಟು. ಉಜ್ಜಿದರೆ ಎಣ್ಣೆ ಜೊತೆ ಎತ್ತೂ ಹೋಗುತ್ತೆ."

ಬರುವಾಗ ಬುಟ್ಟಿ ಕಾರಿನಲ್ಲಿ ಹಾಗೇ ಇತ್ತು. ಕಡುಬನ್ನು ಯಾರೂ ಮುಟ್ಟಿರಲಿಲ್ಲ. ಮೊಂಬಾಸಾ ರಸ್ತೆಯಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಾಗ ಹಿಂದಿನ ಸೀಟಿನಿಂದ ಲೀಲಾಳ ಸಣ್ಣ ದನಿ ಬಂತು.

"ಅಕ್ಕಾರ, ಎಣ್ಣಿ ಹಚ್ಕೊಂಡು ಎರಕೊಳ್ಳಾಗ ನಾವು ಮೈಗೆ ಏನ್ ಹಚ್ತೀವಿ? ಕಡ್ಲಿಹಿಟ್ಟು. ಒಣಾ ಹಿಟ್ಟು ಒತ್ತಿ ಬಿಟ್ರ ಅದ ಎಣ್ಣಿ ಕುಡೀತೈತಿ. ಉಜ್ಜೂದ ಬ್ಯಾಡ."

ಕಾತ್ಯಾಯಿನಿ ತಿರುಗಿ ನೋಡಿದಳು. "ಮೊದಲು ಬೇರೆ ಕಲ್ಲಿನ ಮೇಲೆ ಮಾಡಿ ನೋಡೋಣ."

ಬೇರೆ ಕಲ್ಲು ಎಂದರೆ ಯಾವುದೋ ಕಲ್ಲು ಅವಳಿಗೆ ಸಾಲದು, ಅದೇ ಬಂಡೆಯ ಜಾತಿಯದೇ ಆಗಬೇಕು. ಮರುದಿನ ವಿಶ್ವನಾಥ ಕಾರ್ಖಾನೆಯಿಂದ ಬರುವಾಗ ಅಥಿ ನದಿಯವರೆಗೆ ಹೋಗಿ ಅಂಥದೇ ಒಂದು ಚೂರು ತಂದ. ಅದಕ್ಕೆ ಅದೇ ಎಣ್ಣೆ, ಅದೇ ಕುಂಕುಮ ಹಚ್ಚಿ, ಒಂದು ರಾತ್ರಿ ಬಿಟ್ಟು, ಹಿಟ್ಟು ಒತ್ತಿ ಅಡುಗೆಮನೆಯ ಕಿಟಕಿಯಲ್ಲಿಟ್ಟರು. ಹಿಟ್ಟು ಎಣ್ಣೆ ಕುಡಿದು ಹಳದಿ ಹಪ್ಪಳದಂತೆ ತಾನಾಗಿ ಬಿಟ್ಟುಕೊಂಡಿತು. ಕಪ್ಪು ಹೋಗಿತ್ತು. ಕೆಂಪು ಮಾತ್ರ ತುಸು ಉಳಿದಿತ್ತು.

"ಇನ್ನೊಂದು ಸಲ ಒತ್ತಿದರೆ ಅದೂ ಹೋಗುತ್ತೇನೋ" ಎಂದ ವಿಶ್ವನಾಥ.

ಇನ್ನೊಂದು ಸಲ ಒತ್ತಿದರು. ಕೆಂಪು ಹೋಗಲಿಲ್ಲ. ಕಾತ್ಯಾಯಿನಿ, ಇಷ್ಟೇ ಸಾಕು, ಅಲ್ಲೂ ಇದಕ್ಕಿಂತ ಹೆಚ್ಚು ಮಾಡುವುದು ಬೇಡ ಎಂದಳು.

ಎಣ್ಣೆಗೆ ದಾರಿಯಾಯಿತು, ಬೆಳಕಿಗೆ ಆಗಲಿಲ್ಲ. ಈ ಎರಡು ದಿನವೂ ಅವಳು ಅದನ್ನೇ ಯೋಚಿಸುತ್ತಿದ್ದಳು. ದಾರಿ ಸಿಕ್ಕಿದ್ದು ಅಂಗಡಿಯಲ್ಲಿ. ಬುಧವಾರ ಮಧ್ಯಾಹ್ನ ಮೋಡ ಹರಿದು ಬಿಸಿಲು ಬಂದಾಗ, ಎದುರಿನ ರಸ್ತೆಯಲ್ಲಿ ಒಂದು ಮಟಾಟು, ಬಾಡಿಗೆಯ ವ್ಯಾನು, ಜನ ಹತ್ತಿಸಿಕೊಳ್ಳಲು ನಿಂತಿತು. ಅದರ ಮುಂದಿನ ಗಾಜಿಗೆ ಬಿದ್ದ ಬಿಸಿಲು ಪುಟಿದು ಬಾಗಿಲಿನಿಂದ ಒಳಬಂದು ಪಕ್ಕದ ಗೋಡೆಯ ಉದ್ದಕ್ಕೂ ಸವರಿತು. ದಿನವೂ ನುಣ್ಣಗೆ ಕಾಣುವ ಗೋಡೆ! ಅದರ ಮೇಲೆ ಗಾರೆಯವನ ಕರಣೆ ಓಡಾಡಿದ ಗುರುತು, ಮೊಳೆ ಕಿತ್ತು ಮುಚ್ಚಿದ ಗುಳಿ, ಸುಣ್ಣದ ಬ್ರಷ್ಷಿನ ಒಂದೊಂದು ಗೀರು ಎದ್ದು ನಿಂತವು. ಮಟಾಟು ಹೊರಟಿತು. ಗೋಡೆ ಮತ್ತೆ ನುಣ್ಣಗಾಯಿತು.

ಕಾತ್ಯಾಯಿನಿ ನಿಧಾನವಾಗಿ ತಿರುಗಿ ತೇಗದ ಕಟ್ಟಿನ ಕನ್ನಡಿಯನ್ನು ನೋಡಿದಳು.

ಗುರುವಾರ ಬೆಳಿಗ್ಗೆ ಅದನ್ನು ಎರಡು ಕಂಬಳಿಯಲ್ಲಿ ಸುತ್ತಿ, ಕಾರ್ಖಾನೆಯ ಪಿಕಪ್ಪಿನಲ್ಲಿ ಮಲಗಿಸಿದರು. ವಿಶ್ವನಾಥ ರಜೆ ಹಾಕಿದ್ದ. ಲೀಲಾ ಹಿಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ದಾರಿಯ ಪ್ರತಿ ಹಳ್ಳಕ್ಕೂ "ಮೆಲ್ಲಕ ಸರ, ಕನ್ನಡಿ ಐತಿ" ಎನ್ನುತ್ತಿದ್ದಳು.

"ಕನ್ನಡಿ ಇದೆ ಅಂತ ನನಗೂ ಗೊತ್ತು ಲೀಲಾ ಅವರೇ. ಮೂವತ್ತು ವರ್ಷದಿಂದ ನನಗಿಂತ ಅದಕ್ಕೇ ಮರ್ಯಾದೆ."

ಬಂಡೆಯ ಬಳಿ ಮೊದಲು ಹಿಟ್ಟಿನ ಕೆಲಸ. ಲೀಲಾ ತಾನೇ ಒತ್ತುತ್ತೇನೆ ಎಂದಳು. ಹೋಳಿಗೆಯ ಕಣಕ ತಟ್ಟುವ ಹಗುರ ಕೈಯಿಂದ ಎಣ್ಣೆಯ ಜಾಗಕ್ಕೆಲ್ಲ ಒಣ ಹಿಟ್ಟು ಒತ್ತಿದಳು. ಊರಿನ ನಾಲ್ಕು ಜನ ಬಂದು ನಿಂತು ನೋಡಿದರು. ಮುಟುವಾ ಕೈ ಕಟ್ಟಿಕೊಂಡು ದೂರವೇ ಇದ್ದರು.

"ಬಂಡೆಗೆ ಬೋಂಡಾ ಹಿಟ್ಟು ಹಚ್ಚಿದವರಲ್ಲಿ ನಾವೇ ಮೊದಲಿನವರಿರಬೇಕು. ಎಣ್ಣೆ ಮುಂಚೆಯೇ ಹಾಕಿದ್ದಾಯ್ತು" ಎಂದ ವಿಶ್ವನಾಥ.

"ಸರ, ಆದ ಗಾಯದ ಮ್ಯಾಲ ನೀವು ಉಪ್ಪು ಹಾಕ್ತೀರಲ್ರಿ" ಎಂದು ಲೀಲಾ ರೇಗಿದಳು. ಆದರೆ ಭಾನುವಾರದ ಮೇಲೆ ಮೊದಲ ಸಲ ನಕ್ಕಳು.

ಹಿಟ್ಟು ಬಿಟ್ಟುಕೊಂಡಾಗ ಕಾತ್ಯಾಯಿನಿ ಲೆನ್ಸ್ ಒರೆಸುವ ಮೆತ್ತನೆಯ ಬ್ರಷ್ಷಿನಿಂದ ಉಳಿದ ಪುಡಿಯನ್ನು ಜಾಡಿಸಿದಳು. ಕಲ್ಲು ಕಲ್ಲಿನ ಬಣ್ಣಕ್ಕೆ ಬಂತು. ಹಣೆಯ ಹತ್ತಿರ ಒಂದು ಸಣ್ಣ ಕೆಂಪು ನೆರಳು ಉಳಿಯಿತು.

ಆಮೇಲೆ ಕನ್ನಡಿ. ಬಂಡೆಯಿಂದ ಪೂರ್ವಕ್ಕೆ, ತುಸು ಮುಂದೆ, ಬಯಲಿನಲ್ಲಿ ಅದನ್ನು ನಿಲ್ಲಿಸಿ, ಒಂದು ಬದಿಗೆ ವಿಶ್ವನಾಥ, ಇನ್ನೊಂದು ಬದಿಗೆ ಲೀಲಾ ಹಿಡಿದರು. ಕಾತ್ಯಾಯಿನಿ ಬಂಡೆಯೆದುರು ಸ್ಟ್ಯಾಂಡು ನೆಟ್ಟಳು. ಎಲ್ಲವೂ ಸಿದ್ಧ. ಬಿಸಿಲಿಲ್ಲ.

ಮೋಡ ಹಾಸಿದ ಚಾಪೆಯಂತೆ ಬಿದ್ದಿತ್ತು. ಗಾಳಿ ಚಳಿಯಾಗಿ ಬೀಸಿತು. ನೋಡಲು ಬಂದ ಜನ ಒಬ್ಬೊಬ್ಬರೇ ಹೊರಟರು. ವಿಶ್ವನಾಥ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸಿದ.

"ಕಾತೀ, ಇವತ್ತು ಬರೋ ಹಾಗೆ ಕಾಣಲ್ಲ ಕಣೆ. ನಾಳೆ ಒಂದು ದಿನ ಇದೆಯಲ್ಲ?"

"ನಾಳೆ ಪ್ರಿಂಟ್ ಹಾಕಬೇಕು."

"ಎಷ್ಟು ಹೊತ್ತು ಅಂತ?"

"ಸುಮ್ನಿರಿ. ಅದು ತಾನೇ ನೋಡುತ್ತೆ."

ಮುಟುವಾ ಒಂದು ಕಲ್ಲು ಉರುಳಿಸಿಕೊಂಡು ಅವಳ ಪಕ್ಕ ಕುಳಿತರು. ಅವರ ಎದೆಯಲ್ಲಿ ಅಜ್ಜನ ಮಾತಿತ್ತು, ಅವಳ ಬೆರಳು ಕ್ಯಾಮೆರಾದ ಮೇಲಿತ್ತು. ಹಾಗೆ ಕಾಯುವವರನ್ನು ನೋಡಿದರೆ ಕಾಯುವುದೂ ಒಂದು ಕಸುಬು ಎಂದು ತಿಳಿಯುತ್ತದೆ. ಕೈಕಟ್ಟಿ ಕೂರುವುದು ಬೇರೆ, ಬಂದ ಕೂಡಲೇ ಹಿಡಿಯಲು ಮೈಯೆಲ್ಲ ಕಣ್ಣಾಗಿ ಕೂರುವುದು ಬೇರೆ.

ಊಟದ ಹೊತ್ತು ಮೀರಿದ ಮೇಲೆ ಮೋಡದಲ್ಲಿ ಒಂದು ಸೀಳು ಬಿಟ್ಟಿತು. ಮೊದಲು ದೂರದ ಗುಡ್ಡ ಬೆಳಗಿತು. ಬಿಸಿಲು ಹುಲ್ಲಿನ ಮೇಲೆ ನಡೆದುಕೊಂಡು ಬಂತು. ಕನ್ನಡಿಗೆ ತಗುಲಿದಾಗ ಲೀಲಾ, "ಬಂತು, ಬಂತು!" ಎಂದು ಕಿರುಚಿದಳು.

"ನಿನ್ನ ಕಡೆ ತುಸು ಬಗ್ಗಿಸು. ಇನ್ನೂ. ಸಾಕು. ಉಸಿರು ಬಿಗಿಹಿಡಿ!"

ಬಿಳಿಯ ಹಾಳೆಯಂಥ ಬೆಳಕು ಆಚೆಯಿಂದ ಬಂದು ಬಂಡೆಯ ಮೈಯನ್ನು ಓರೆಯಾಗಿ ಸವರಿತು. ಆ ಬೋಳು ಕಲ್ಲಿನಿಂದ ಒಂದು ಎತ್ತು ಎದ್ದಿತು. ಮೊದಲು ಬಾಗಿದ ಕೊಂಬು, ಹಣೆ, ಭುಜದ ಮೇಲಿನ ಇಣಿ, ಕುತ್ತಿಗೆಯ ಮೇಲೆ ನೊಗದ ಗೆರೆ, ಮುಂದಿಟ್ಟ ಕಾಲು. ಹಿಂದೆ ಗಾಲಿ, ಅದರ ಅರೆಗಳು. ಕೊರೆದವನಿಗೆ ಎತ್ತು ಚೆನ್ನಾಗಿ ಗೊತ್ತಿತ್ತು. ಭಾರ ಎಳೆಯುವ ಎತ್ತಿನ ತಲೆ ಹೇಗೆ ತಗ್ಗುತ್ತದೆಯೋ ಹಾಗೇ ತಗ್ಗಿಸಿದ್ದ.

ಕಾತ್ಯಾಯಿನಿ ಒಂದು ಸಲ ಒತ್ತಿದಳು. ಬೆಳಕು ಇನ್ನೂ ಇತ್ತು. ಅವಳು ಯಾವತ್ತೂ ಮಾಡದ್ದನ್ನು ಮಾಡಿ ಇನ್ನೊಂದು ಸಲ ಒತ್ತಿದಳು. ಮೋಡ ಮುಚ್ಚಿತು. ಎತ್ತು ಕಲ್ಲಿನೊಳಗೆ ಹೋಯಿತು.

ಮುಟುವಾ ಎದ್ದು ನಿಂತಿದ್ದರು. ಕೆನ್ನೆ ಒದ್ದೆಯಾಗಿತ್ತು. ಕನ್ನಡಿಯನ್ನು ವಿಶ್ವನಾಥನಿಗೆ ಒಪ್ಪಿಸಿದ ಲೀಲಾಳ ಬಳಿಗೆ ಹೋಗಿ ಅವಳ ಎರಡೂ ಕೈ ಹಿಡಿದು, "ಅಸಾಂಟೆ, ಮಾಮಾ. ಅಸಾಂಟೆ" ಎಂದರು. ಲೀಲಾಳಿಗೆ ಸ್ವಾಹಿಲಿ ಅಷ್ಟಕ್ಕಷ್ಟೆ. ಆದರೂ ಆ ಕೃತಜ್ಞತೆಯ ಮಾತು ಯಾರಿಗೆ ತಿಳಿಯುವುದಿಲ್ಲ?

ರಾತ್ರಿ ಕಂಪ್ಯೂಟರಿನಲ್ಲಿ ಫೋಟೊ ನೋಡುವಾಗ ವಿಶ್ವನಾಥ ಹಣೆಯ ಮೇಲೆ ಬೆರಳಿಟ್ಟ. "ಈ ಕೆಂಪನ್ನ ತೆಗೆದುಬಿಡು. ಒಂದು ನಿಮಿಷದ ಕೆಲಸ."

"ತೆಗೀಬಹುದು."

"ಮತ್ತೆ?"

"ಆಮೇಲೆ ಅವರು ಹೋಗಿ ಕಲ್ಲು ನೋಡ್ತಾರೆ. ಕಲ್ಲಲ್ಲಿ ಕೆಂಪಿರುತ್ತೆ, ಫೋಟೊದಲ್ಲಿ ಇರಲ್ಲ. ಇದನ್ನ ಅಳಿಸಿದವಳು ಇನ್ನೇನನ್ನ ಬರೆದಳೋ ಅಂತಾರೆ."

"ಇದ್ದರೂ ಅದನ್ನೇ ಅಂತಾರೆ ಕಣೆ!"

"ಅನ್ನಲಿ. ಕೇಳಿದರೆ ಇದ್ದದ್ದು ಹೇಳೋಣ."

ಶನಿವಾರ ಊರಿನ ಚರ್ಚಿನ ಪಕ್ಕದ ಕೋಣೆಯಲ್ಲಿ ಸಭೆ. ಕಾತ್ಯಾಯಿನಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದ ಫೋಟೊವನ್ನು ಮುಟುವಾ ಮೇಜಿನ ಮೇಲೆ ಬಿಚ್ಚಿದರು. ಕುರ್ಚಿಗಳು ಸದ್ದು ಮಾಡಿದವು, ಎಲ್ಲರೂ ಎದ್ದು ಬಾಗಿದರು. ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು ಕೊಂಬಿನಿಂದ ಗಾಲಿಯವರೆಗೆ ಬೆರಳು ಹಾಯಿಸಿದಳು. ಬೆರಳು ಹಣೆಯ ಬಳಿ ನಿಂತಿತು.

"ಇದೇನು ಬಣ್ಣ?"

ಕ್ವಾರಿಯ ಕಡೆಯವನೊಬ್ಬ ಮೂಲೆಯಿಂದ, "ಅದನ್ನೇ ನಾನೂ ಕೇಳಬೇಕೂಂತಿದ್ದೆ. ಬರೆದಿದ್ದಾರೆ, ಅಷ್ಟೇ" ಎಂದ.

ಮುಟುವಾ ಕಾತ್ಯಾಯಿನಿಯ ಕಡೆ ನೋಡಿದರು. ಅವಳು ಹೇಳಬೇಕಾದ್ದನ್ನು ಹೇಳುವ ಮೊದಲೇ ಲೀಲಾ ಎದ್ದಳು. "ಅಕ್ಕಾರ, ನೀವು ಅವರ ಮಾತಿನ್ಯಾಗ ಹೇಳ್ರಿ. ಅದು ನಂದು. ನಾನ ಹಚ್ಚೀನಿ. ನಮ್ಮ ಕಡೆ ಅವತ್ತು ಎತ್ತಿನ ಹಬ್ಬ. ನನಗ ಕಣ್ಣಿಗೆ ಏನೂ ಕಾಣ್ಲಿಲ್ಲ, ಕೈಗೆ ಕೊಂಬು ಹತ್ತಿತು, ಹಣಿ ಹತ್ತಿತು. ದೇವರಂತ ತಿಳಕೊಂಡು ಕುಂಕುಮ ಇಟ್ನಿ. ಎಣ್ಣೀನೂ ಹಾಕಿದ್ನಿ, ಅದನ್ನ ತಗದೀವಿ. ತಪ್ಪಾಗೇತಿ."

ಕಾತ್ಯಾಯಿನಿ ಒಂದು ಮಾತು ಬಿಡದೆ, ಒಂದು ಮಾತು ಸೇರಿಸದೆ ಹೇಳಿದಳು. ಕನ್ನಡಿಯ ವಿಷಯವನ್ನೂ ಹೇಳಿದಳು. ಡಿಸೆಂಬರಿನಲ್ಲಿ ಬೆಳಿಗ್ಗೆ ಬಂದರೆ ಕನ್ನಡಿ ಬೇಡ, ಸೂರ್ಯನೇ ತೋರಿಸುತ್ತಾನೆ ಎಂದೂ ಹೇಳಿದಳು.

ಅಧ್ಯಕ್ಷೆ ಮತ್ತೆ ಫೋಟೊ ನೋಡಿದಳು. ಆ ಕೆಂಪು ಕೊಂಬಿನ ಬುಡದ ಕೆಳಗೆ, ಸರಿಯಾಗಿ ಎತ್ತಿನ ಹಣೆಯ ನಟ್ಟನಡುವೆ ಇತ್ತು.

"ಈ ಹೆಂಗಸಿಗೆ ನಮ್ಮ ಮ್ಜೇ ಹೇಳಿದ ಕತೆ ಬಿಟ್ಟರೆ ಇನ್ನೇನೂ ಗೊತ್ತಿರಲಿಲ್ಲ. ಕಣ್ಣಿಗೆ ಕಾಣದೆ, ಬರೀ ಕೈಯಿಂದ, ಹಣೆ ಇರುವಲ್ಲೇ ಬೊಟ್ಟಿಟ್ಟಿದ್ದಾಳೆ" ಎಂದು ಅವಳು ಮೂಲೆಯವನ ಕಡೆ ತಿರುಗಿದಳು. "ಇಲ್ಲದ ಎತ್ತಿನ ಹಣೆ ಕೈಗೆ ಸಿಗೋದು ಹೇಗೆ, ನೀವೇ ಹೇಳಿ?"

ಕೋಣೆಯಲ್ಲಿ ನಗು ಎದ್ದಿತು. ಮೂಲೆಯವನೂ ತಲೆ ಕೆರೆದುಕೊಂಡು ನಕ್ಕ.

ಹಾಗೆಂದು ಎಲ್ಲವೂ ಅಂದೇ ತೀರಲಿಲ್ಲ. ಡಿಸೆಂಬರಿನಲ್ಲಿ ಸಮಿತಿ ತಾನೇ ಹೋಗಿ ನೋಡಬೇಕು, ಅಲ್ಲಿಯವರೆಗೆ ಬಂಡೆಯ ಸುತ್ತ ಕಲ್ಲು ನೆಟ್ಟು ಗಡಿ ಮಾಡಬೇಕು, ಇಳಿಜಾರಿನ ಆಚೆ ಮಗ್ಗುಲಲ್ಲಿ ಮಾತ್ರ ಕ್ವಾರಿ ಎಂದಾಯಿತು. ಮುಟುವಾ ಅಷ್ಟಕ್ಕೇ ಒಪ್ಪಿದ್ದಕ್ಕೆ ಊರಿನ ಕೆಲವರು ಬೈದರು. ಅವರು, ನಾನು ಕೇಳಿದ್ದು ಒಂದು ಎತ್ತು, ಇಡೀ ಮಂದೆಯಲ್ಲ ಎಂದರು.

ಡಿಸೆಂಬರ್ ಬಂತು. ಒಂದು ಬೆಳಿಗ್ಗೆ ಕಾತ್ಯಾಯಿನಿಯ ಸ್ಟುಡಿಯೋದಲ್ಲಿ ಬಿಳಿ ಬಟ್ಟೆಯ ಮೇಲೆ ಒಂದು ಎಳೆಗೂಸು ಮಲಗಿತ್ತು. ಬೆಂಗಳೂರಿನಿಂದ ಬ್ಯಾಂಕಿನ ಕೆಲಸಕ್ಕೆ ಬಂದ ಗಂಡಹೆಂಡಿರ ಮಗು. ತಾಯಿ ಅಪೇಕ್ಷಾ, "ಮ್ಯಾಮ್, ಬೇಕಾದ್ರೆ ಫೋನಲ್ಲಿ ಕಾರ್ಟೂನ್ ಹಾಕ್ಲಾ?" ಎಂದು ಕೇಳುತ್ತಿದ್ದಳು. ಆಗ ಮೇಜಿನ ಮೇಲಿನ ಮೊಬೈಲ್ ನಡುಗಿತು. ಮುಟುವಾ. ಹಿಂದೆ ಬಹಳ ಜನರ ದನಿ.

"ಮಾಮಾ! ಎತ್ತು ಎದ್ದಿದೆ! ಕನ್ನಡಿ ಇಲ್ಲದೆ, ತಾನಾಗೇ! ಸಮಿತಿಯವರೆಲ್ಲ ಇಲ್ಲೇ ನಿಂತಿದ್ದಾರೆ. ಅಧ್ಯಕ್ಷೆ ಮುಟ್ಟಿ ನೋಡ್ತಿದ್ದಾಳೆ. ಹಣೆಯ ಕೆಂಪು ಬಿಸಿಲಿಗೆ ಮಾಸಿಹೋಗಿದೆ ಅಂತ ನಿಮ್ಮ ಲೀಲಾಗೆ ಹೇಳಿ. ಕಲ್ಲು ಒಡೆಯೋದಿಲ್ಲವಂತೆ, ಮಾಮಾ. ಬರೆದು ಕೊಟ್ಟಿದ್ದಾರೆ."

ಕಾತ್ಯಾಯಿನಿ ಒಂದು ಗಳಿಗೆ ಕಣ್ಣು ಮುಚ್ಚಿದಳು. "ಸವಾ, ಮ್ಜೇ, ಆಯಿತು. ಸಂತೋಷ. ಸಂಜೆ ಮಾತಾಡ್ತೀನಿ, ಇಲ್ಲೊಬ್ಬರು ಕಾಯ್ತಿದ್ದಾರೆ" ಎಂದು ಫೋನಿಟ್ಟಳು.

ಕಾಯುತ್ತಿದ್ದದ್ದು ಆ ಕೂಸು. ಅದು ಕನ್ನಡಿಯ ಕಡೆ ನೋಡುತ್ತಿತ್ತು, ಆಮೇಲೆ ಸೂರಿನ ಕಡೆ. ಕಾತ್ಯಾಯಿನಿ ಕ್ಯಾಮೆರಾ ಎತ್ತಿಕೊಂಡು ತನ್ನ ಜಾಗದಲ್ಲಿ ಸದ್ದಿಲ್ಲದೆ ಕುಳಿತಳು.